ಓದುಗರ ಪ್ರಶ್ನೆ: ಮೊದಲ ವೈರ್‌ಲೆಸ್ ಮೈಕ್ ಯಾವುದು ತಗೊಳ್ಳಲಿ?

ಪ್ರಶ್ನೆ: ಶಾರ್ಟ್ ಫಿಲ್ಮ್‌ಗಳಿಗೆ ಲೊಕೇಶನ್ ಸೌಂಡ್ ಮಾಡುತ್ತೇನೆ. ಶಾಟ್‌ಗನ್ ಮೈಕ್, ಬೂಮ್ ಕೋಲು, ಒಂದು ಫೀಲ್ಡ್ ರೆಕಾರ್ಡರ್ ಇದೆ. ಈಗ ಕೊಡವ ತಕ್ಕಿನ ಸಿನಿಮಾ ಒಂದಕ್ಕೆ ಸಿಂಕ್ ಸೌಂಡ್ (ಶೂಟಿಂಗ್ ಹೊತ್ತಿಗೇ ಮಾತು ರೆಕಾರ್ಡ್ ಮಾಡುವುದು) ಕೇಳಿದ್ದಾರೆ. ಶೂಟಿಂಗ್ ಹೆಚ್ಚಾಗಿ ಕಾಫಿ ತೋಟದಲ್ಲಿ, ಐನ್‌ಮನೆಯಲ್ಲಿ (ಕೊಡವರ ಹಳೆಯ ಕುಟುಂಬದ ಮನೆ). ಕೈಯಲ್ಲಿ ಸುಮಾರು ಎರಡು ಲಕ್ಷ ಇದೆ. ದುಬಾರಿಯ ಒಂದೇ ಚಾನೆಲ್ (ಒಬ್ಬರಿಗೆ ಸಾಕಾಗುವ ಒಂದು ವೈರ್‌ಲೆಸ್ ಸೆಟ್) ತಗೊಳ್ಳಲಾ, ಅಗ್ಗದ ನಾಲ್ಕು ತಗೊಳ್ಳಲಾ? – ವಿರಾಜಪೇಟೆಯ ಓದುಗ

ಉತ್ತರ: ಎರಡೂ ಬೇಡ. ಮಧ್ಯಮ ದರ್ಜೆಯ ಯುಎಚ್‌ಎಫ್ (500 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆ) ಸೆಟ್ ಎರಡು ತಗೊಳ್ಳಿ. ಉಳಿದ ದುಡ್ಡನ್ನು ಕಾಲರ್ ಮೈಕ್‌ಗೆ, ಅಂದರೆ ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್‌ಗೆ, ಹಾಕಿ. ಸಿನಿಮಾದಲ್ಲಿ ಮಾತುಕತೆ ಅಂದರೆ ಕಡಿಮೆ ಅಂದರೂ ಇಬ್ಬರು, ಅಲ್ವಾ? ಒಂದೇ ಚಾನೆಲ್ ಇದ್ದರೆ ಒಬ್ಬರ ಮಾತು ಎದೆಯ ಹತ್ತಿರದಿಂದ, ಇನ್ನೊಬ್ಬರದು ಬೂಮ್‌ನಿಂದ ಬರುತ್ತದೆ. ಎಡಿಟ್‌ನಲ್ಲಿ ಆ ಎರಡನ್ನು ಹೊಂದಿಸುವ ಕಷ್ಟ ಯಾರಿಗೂ ಬೇಡ. ಮೂರನೆಯವರು ಬಂದ ದಿನ ಬೆಂಗಳೂರಿನಿಂದ ಬಾಡಿಗೆಗೆ ತರಿಸಿ. ಲೆಕ್ಟ್ರೋಸೋನಿಕ್ಸ್, ವಿಸಿಕಾಂ ಥರದ ದೊಡ್ಡ ಸೆಟ್‌ಗಳನ್ನು ಮೊದಲು ಬಾಡಿಗೆಗೇ ಬಳಸಿ ನೋಡುವುದು ಒಳ್ಳೆಯದು.

ಮಧ್ಯಮ ದರ್ಜೆ ಅಂದರೆ ಸೋನಿ ಯುಡಬ್ಲ್ಯೂಪಿ-ಡಿ ಸರಣಿ ಅಥವಾ ಸೆನ್‌ಹೈಸರ್ ಇಡಬ್ಲ್ಯೂ 112ಪಿ ಜಿ4. ಎರಡೂ ಡಬಲ್-ಎ ಬ್ಯಾಟರಿಯಲ್ಲಿ ನಡೆಯುತ್ತವೆ, ಕುಶಾಲನಗರದ ಯಾವ ಅಂಗಡಿಯಲ್ಲೂ ಅದು ಸಿಗುತ್ತದೆ. ದಿನಾ ಬಳಸೋದಕ್ಕೆ ಮಾತ್ರ ನಿಕ್ಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಇಟ್ಟುಕೊಳ್ಳಿ.

ಯುಎಚ್‌ಎಫ್ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಜಾಗ ಕೊಡಗು. ಅಗ್ಗದ ಸೆಟ್‌ಗಳು ಹೆಚ್ಚಾಗಿ ನಡೆಯುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. 500 ಮೆಗಾಹರ್ಟ್ಸ್ ಅಲೆ 60 ಸೆಂಟಿಮೀಟರ್. ಉದ್ದ ಅಲೆ ಮನುಷ್ಯನ ಮೈ, ಕಾಂಡ, ಎಲೆಗಳನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಸಣ್ಣ ಅಲೆಯನ್ನು ನೀರು ಬೇಗ ಹೀರಿಬಿಡುತ್ತದೆ. ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತಿರುವ ಕಾಫಿ ಗಿಡ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ನಡುವೆ ನಟ ನಿಮಗೆ ಬೆನ್ನು ಹಾಕಿ ನಿಂತಿದ್ದಾನೆ ಅಂತ ಇಟ್ಟುಕೊಳ್ಳಿ. ಡಬ್ಬದ ಮೇಲೆ 260 ಮೀಟರ್ ಅಂತ ಬರೆದಿರುವುದು ಎದುರಾಎದುರು, ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ. ತೋಟದ ಒಳಗೆ ಅದನ್ನು ನಂಬಿಕೊಂಡು ಹೋಗಬೇಡಿ.

ಹಾಗಂತ ರೋಡ್ ವೈರ್‌ಲೆಸ್ ಪ್ರೊ, ಡಿಜೆಐ ಮೈಕ್ 2 ಥರದ 2.4 ಗಿಗಾಹರ್ಟ್ಸ್ ಸೆಟ್‌ಗಳು ಕೆಟ್ಟ ಸಾಮಾನು ಅಂತಲ್ಲ. ಟ್ರಾನ್ಸ್‌ಮಿಟರ್‌ನ (ನಟನ ಮೈಮೇಲಿದ್ದು ಸಿಗ್ನಲ್ ಕಳಿಸುವ ಡಬ್ಬ) ಒಳಗೇ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಸದ್ದು ಜೋರಾದರೂ ಸುಲಭಕ್ಕೆ ಒಡೆಯದ ರೀತಿಯಲ್ಲಿ, ರೆಕಾರ್ಡ್ ಆಗುತ್ತದೆ. ಸಿಗ್ನಲ್ ಕಡಿದರೂ ಮಾತು ಉಳಿಯುತ್ತದೆ, ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಸೆಟ್‌ನಲ್ಲಿ ನಿಮ್ಮ ಹೆಡ್‌ಫೋನಿಗೆ ಬರುವುದು ಕಡಿದು ಕಡಿದು ಬರುವ ಸದ್ದೇ. ಬಟ್ಟೆ ಉಜ್ಜಿತಾ, ನಟ ಕೊನೆಯ ಅಕ್ಷರ ನುಂಗಿದನಾ ಅನ್ನೋದು ನಿಮಗೆ ಗೊತ್ತೇ ಆಗುವುದಿಲ್ಲ. ನಿರ್ದೇಶಕರು "ಸೌಂಡ್ ಓಕೆನಾ?" ಅಂತ ಕೇಳಿದಾಗ ಕೇಳಿಸಿಕೊಂಡೇ ಉತ್ತರ ಕೊಡಬೇಕು. ನಮ್ಮ ಕೆಲಸ ಇರುವುದೇ ಅದಕ್ಕೆ.

ಇನ್ನು ಬೂಮ್. ವೈರ್‌ಲೆಸ್ ಬಂತು ಅಂತ ಬೂಮ್ ಕೆಳಗಿಡಬೇಡಿ. ಐನ್‌ಮನೆಯ ಕೈಸಾಲೆಯಲ್ಲಿ (ಜಗಲಿ) ಕೂತು ಮಾತಾಡುವ ದೃಶ್ಯಕ್ಕೆ ಬೂಮ್‌ನ ಸದ್ದೇ ಚೆಂದ. ಮರದ ಕಂಬ, ಹಲಗೆ, ಆ ಜಾಗದ ಗಾಳಿ ಎಲ್ಲ ಅದರಲ್ಲಿ ಸಿಗುತ್ತದೆ. ಕಾಲರ್ ಮೈಕ್ ಬೇಕಾಗುವುದು ವೈಡ್ ಶಾಟ್‌ಗೆ, ನಡೆದುಕೊಂಡು ಮಾತಾಡುವುದಕ್ಕೆ, ಕೋಲು ಹಿಡಿಯಲು ಜಾಗವೇ ಇಲ್ಲದ ಕಡೆಗೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ವಿದೇಶದ ಸೆಕೆಂಡ್ ಹ್ಯಾಂಡ್ ಸೆಟ್‌ಗಳು ಅರ್ಧ ಬೆಲೆಗೆ ಕಾಣುತ್ತವೆ. ತಗೋಬಹುದಾ? – ಸೋಮವಾರಪೇಟೆ

ಉತ್ತರ: ಮೊದಲು ಫ್ರೀಕ್ವೆನ್ಸಿ ನೋಡಿ, ಬೆಲೆ ಆಮೇಲೆ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ವೈರ್‌ಲೆಸ್ ಮೈಕ್ ಬಳಸುವುದನ್ನು 2010ರಲ್ಲೇ ನಿಲ್ಲಿಸಿದರು. 600ರ ದೊಡ್ಡ ಭಾಗವೂ 2020ರ ಜುಲೈನಲ್ಲಿ ಹೋಯಿತು. ಅಲ್ಲಿ ಬಳಸಲಾಗದ ಸೆಟ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ನಮ್ಮಲ್ಲೂ 700ರ ಬ್ಯಾಂಡ್ ಅನ್ನು 2022ರ ಹರಾಜಿನಲ್ಲಿ ಜಿಯೋ 5ಜಿಗಾಗಿ ತಗೊಂಡಿತು. ಅದೇ ಹರಾಜಿನಲ್ಲಿ 600ರ ಬ್ಯಾಂಡ್ ಯಾರೂ ಕೊಳ್ಳಲಿಲ್ಲ, ಆದರೆ ಹರಾಜಿಗೆ ಇಟ್ಟಿದ್ದರು ಅನ್ನೋದೇ ನಮಗೆ ಸೂಚನೆ. ಅದಕ್ಕೇ 470ರಿಂದ 600ರ ಒಳಗಿನದು ತಗೊಳ್ಳಿ. ಉದಾಹರಣೆಗೆ ಸೆನ್‌ಹೈಸರ್ ಜಿ4ನಲ್ಲಿ 'ಎ' ರೇಂಜ್ ಅಂದರೆ 516ರಿಂದ 558. ಈ ಅಕ್ಷರ ಪ್ಯಾಕಿನ ಮೇಲೇ ಇರುತ್ತದೆ. ಟ್ರಾನ್ಸ್‌ಮಿಟರ್, ರಿಸೀವರ್ ಎರಡರ ಫೋಟೋನೂ ಕೇಳಿ ತರಿಸಿಕೊಳ್ಳಿ. ಅಕ್ಷರ ಬೇರೆ ಬೇರೆ ಇದ್ದರೆ ಆ ಸೆಟ್ ಬಿಟ್ಟುಬಿಡಿ.

ಇನ್ನೊಂದು ಮಾತು. 2.4 ಗಿಗಾಹರ್ಟ್ಸ್ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್. ಯುಎಚ್‌ಎಫ್ ಹಾಗಲ್ಲ, ಅದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಕೈಯಲ್ಲಿದೆ. ಹಾಗಾಗಿ ಇಲ್ಲಿನ ಡೀಲರ್ ಹತ್ತಿರ ಬಿಲ್ ಸಮೇತ ತಗೊಂಡು, ಯಾವ ಅನುಮತಿ ಬೇಕು ಅಂತ ಅವರಿಂದಲೇ ಬರೆಸಿಕೊಳ್ಳಿ.

ಸೆಟ್ ಕೈಗೆ ಸಿಕ್ಕಾಗ ಒಂದು ಪರೀಕ್ಷೆ ಮಾಡಿ. ಕಾಲರ್ ಮೈಕ್‌ನಿಂದ ಒಂದಡಿ ದೂರದಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸಿ, ಹೆಡ್‌ಫೋನ್ ಹಾಕಿ ಕೇಳಿ. ಅನಲಾಗ್ ವೈರ್‌ಲೆಸ್‌ನಲ್ಲಿ ಸದ್ದನ್ನು ಕುಗ್ಗಿಸಿ ಕಳಿಸಿ, ಈಚೆ ಕಡೆ ಮತ್ತೆ ಹಿಗ್ಗಿಸುತ್ತಾರೆ. ಆ ಸರ್ಕ್ಯೂಟ್ ಸರಿಯಿಲ್ಲದಿದ್ದರೆ ಕಿಣಿಕಿಣಿ ಅನ್ನಬೇಕಾದದ್ದು ಒಡೆದ ಸದ್ದಾಗಿ, ಹಿಂದೆ ಉಸಿರು ಬಿಟ್ಟಂತೆ ಕೇಳುತ್ತದೆ. ನಿಮ್ಮ ಕಡೆ ಇದು ಸುಮ್ನೆ ಪರೀಕ್ಷೆಗೆ ಮಾತ್ರ ಅಲ್ಲ. ಸಂಜೆ ಜೀರುಂಡೆ ಶುರು ಮಾಡಿದರೆ ಅದೂ ಇದೇ ಥರದ ಮೊನಚಾದ ಸದ್ದು. ಗೊಂಚಲಿಗೆ ತಡವರಿಸುವ ಸೆಟ್ ಜೀರುಂಡೆಗೂ ತಡವರಿಸುತ್ತದೆ.

ಪ್ರಶ್ನೆ: ಕುಪ್ಯ (ಕೊಡವ ಗಂಡಸರ ನಿಲುವಂಗಿ) ಹಾಕಿದವರಿಗೆ, ಕೊಡವ ಸೀರೆ ಉಟ್ಟವರಿಗೆ ಮೈಕ್ ಎಲ್ಲಿ ಕಟ್ಟಬೇಕು? ಎಲ್ಲಿ ಹಾಕಿದರೂ ಬಟ್ಟೆಯ ಸರಪರ ಸದ್ದು. – ನಾಪೋಕ್ಲು

ಉತ್ತರ: ಒಳ್ಳೆಯ ಪ್ರಶ್ನೆ. ಮೈಕ್ ಎಷ್ಟೇ ದುಬಾರಿ ಇದ್ದರೂ ಕೆಲಸ ಕೆಡುವುದು ಇಲ್ಲೇ.

ಕುಪ್ಯದಲ್ಲಿ ಟ್ರಾನ್ಸ್‌ಮಿಟರ್ ಇಡಲು ಚೇಲೆ (ಸೊಂಟಕ್ಕೆ ಸುತ್ತುವ ಬಟ್ಟೆ) ಇದೆ, ನಿಜ. ಆದರೆ ಮುಂದೆ ಪೀಚೆಕತ್ತಿ (ಚೇಲೆಗೆ ಸಿಕ್ಕಿಸುವ ಸಣ್ಣ ಕತ್ತಿ) ಇರುತ್ತದೆ. ಅದು ಲೋಹ, ಆಂಟೆನಾ ಪಕ್ಕದಲ್ಲಿ ಬಂದರೆ ಸಿಗ್ನಲ್ ಕುಗ್ಗುತ್ತದೆ. ಅದರ ಬೆಳ್ಳಿ ಸರಪಳಿ ನಡೆದಾಗಲೆಲ್ಲ ಸದ್ದು ಮಾಡುತ್ತದೆ. ಕ್ಲೋಸ್ ಶಾಟ್‌ನಲ್ಲಿ ಸರಪಳಿ ಕಾಣದಿದ್ದರೆ ನಟರನ್ನು ಕೇಳಿ ಹಿಂಬದಿಯಿಂದ ಒಂದು ತುಂಡು ಟೇಪ್ ಹಾಕಿ. ಟ್ರಾನ್ಸ್‌ಮಿಟರ್ ಅನ್ನು ಸೊಂಟದ ಪಕ್ಕಕ್ಕೆ, ರಿಸೀವರ್ ಇರುವ ದಿಕ್ಕಿಗೆ ಕಟ್ಟಿ. ಆಂಟೆನಾ ಮಡಚಬಾರದು, ಬೆವರಿದ ಮೈಗೆ ಅಂಟಲೂಬಾರದು. ಮೈಕ್ ಒಳಗಿನ ಅಂಗಿಯ ಗುಂಡಿಪಟ್ಟಿಯಲ್ಲಿ, ಎದೆಮೂಳೆಯ ಮಟ್ಟಕ್ಕೆ ಇರಲಿ. ಕುಪ್ಯದ ಎದೆ ತೆರೆದಿರುವ ಜಾಗ ಅದೇ ಆದ್ದರಿಂದ ಮಾತು ಮುಚ್ಚಿಹೋಗುವುದಿಲ್ಲ.

ಸೀರೆಗೆ ಬೇರೆ ಉಪಾಯ. ಸೆರಗು ಎದೆ ಮೇಲೆ ಹಾದು ಬಲ ಭುಜದಲ್ಲಿ ಪಿನ್ ಆಗುತ್ತದೆ, ಅಲ್ವಾ? ರವಿಕೆಗೂ ಸೆರಗಿಗೂ ನಡುವೆ ಮೈಕ್ ಸಿಕ್ಕಿಕೊಂಡರೆ ರೇಷ್ಮೆ ಅದರ ಮೇಲೆ ಉಜ್ಜುತ್ತಲೇ ಇರುತ್ತದೆ. ಬಟ್ಟೆಯ ಟೇಪನ್ನು ಅಂಟು ಹೊರಗೆ ಬರುವಂತೆ ಸಣ್ಣ ತ್ರಿಕೋನವಾಗಿ ಮಡಚಿ. ಇಂಥವು ಎರಡು ಮಾಡಿ, ನಡುವೆ ಮೈಕ್ ಇಡಿ, ಬಾಯಿ ಮಾತ್ರ ತೆರೆದಿರಲಿ. ಒಂದು ಬದಿ ರವಿಕೆಗೆ, ಇನ್ನೊಂದು ಬದಿ ಸೆರಗಿಗೆ ಅಂಟಿಸಿ. ಆಗ ಎರಡು ಬಟ್ಟೆಯೂ ಮೈಕ್ ಜೊತೆಗೇ ಅಲುಗುತ್ತವೆ, ಒಂದರ ಮೇಲೊಂದು ಉಜ್ಜುವುದಿಲ್ಲ. ಮೈಕ್ ಕೆಳಗೆ ವೈರ್ ಅನ್ನು ಒಂದು ಸಣ್ಣ ಸುತ್ತು ಮಾಡಿ ಅಂಟಿಸಿ, ವೈರ್ ಎಳೆದ ಸದ್ದು ಅಲ್ಲೇ ನಿಲ್ಲುತ್ತದೆ. ಮೈಗೆ ಅಂಟಿಸುವುದಾದರೆ ಮೆಡಿಕಲ್ ಶಾಪಿನ ಟ್ರಾನ್ಸ್‌ಪೋರ್ ಟೇಪ್ ಸಾಕು. ಮುಟ್ಟುವ ಮೊದಲು ಕೇಳಿ. ನಟಿಯರಿಗೆ ಕಟ್ಟಲು ತಂಡದಲ್ಲಿ ಒಬ್ಬ ಹೆಣ್ಣುಮಗಳಿಗೆ ಇದನ್ನು ಕಲಿಸಿಡಿ. ಇದು ಮರ್ಯಾದೆಯ ವಿಷಯ, ಅವಸರದಲ್ಲಿ ಮರೆಯುವಂಥದ್ದಲ್ಲ.

ಸೆಟ್ ಜೊತೆ ಬರುವ ಮೈಕ್ ಸಂದರ್ಶನಕ್ಕೆ ಸಾಕು, ಬಟ್ಟೆಯೊಳಗೆ ಮಂಕಾಗುತ್ತದೆ. ಮೊದಲು ಒಂದಾದರೂ ಸಾಂಕೆನ್ ಸಿಒಎಸ್-11ಡಿ ಅಥವಾ ಡಿಪಿಎ ಮೈಕ್ ತಗೊಳ್ಳಿ. ಆರ್ಡರ್ ಮಾಡುವಾಗ ಯಾವ ಟ್ರಾನ್ಸ್‌ಮಿಟರ್‌ಗೆ ಅಂತ ಹೇಳಲೇಬೇಕು. ಸೋನಿ, ಸೆನ್‌ಹೈಸರ್ ಎರಡರಲ್ಲೂ ತಿರುಗಿಸಿ ಲಾಕ್ ಮಾಡುವ 3.5 ಎಂಎಂ ಪಿನ್ನೇ ಇರುವುದು, ನೋಡಲು ಒಂದೇ. ಒಳಗಿನ ವೈರಿಂಗ್ ಬೇರೆ.

ಪ್ರಶ್ನೆ: ಮೂರು ಮೈಕ್ ಆನ್ ಮಾಡಿದರೆ ಮಾತ್ರ ಗೊರಗೊರ ಬರುತ್ತದೆ, ಒಂದೊಂದೇ ಹಾಕಿದರೆ ಸರಿ ಇರುತ್ತದೆ. ಸೆಟ್ ಕೆಟ್ಟಿದೆಯಾ? – ಮಡಿಕೇರಿ

ಉತ್ತರ: ಬಹುಶಃ ಕೆಟ್ಟಿಲ್ಲ. ಫ್ರೀಕ್ವೆನ್ಸಿಗಳನ್ನು ಸಮ ಅಂತರದಲ್ಲಿ ಇಟ್ಟಿದ್ದೀರಾ ನೋಡಿ. 520, 521ರಲ್ಲಿ ಎರಡು ಟ್ರಾನ್ಸ್‌ಮಿಟರ್ ಹತ್ತಿರ ಇದ್ದರೆ ಅವೆರಡೂ ಸೇರಿ 519 ಮತ್ತು 522ರಲ್ಲಿ ಹೊಸ ಸಿಗ್ನಲ್ ಹುಟ್ಟಿಸುತ್ತವೆ. ನೀವು ಮೂರನೆಯದನ್ನು 522ಕ್ಕೆ ಇಟ್ಟರೆ ಅದರ ಮೇಲೇ ಬಂದು ಕೂರುತ್ತದೆ. ಕಂಪನಿಯವರು ಈ ಲೆಕ್ಕ ಹಾಕಿಯೇ ಬ್ಯಾಂಕ್‌ಗಳನ್ನು, ಅಂದರೆ ಒಟ್ಟಿಗೆ ಬಳಸಬಹುದಾದ ಫ್ರೀಕ್ವೆನ್ಸಿಗಳ ಗುಂಪುಗಳನ್ನು, ಮಾಡಿರುತ್ತಾರೆ. ಮೂರೂ ಒಂದೇ ಬ್ಯಾಂಕಿನ ಬೇರೆ ಬೇರೆ ಚಾನೆಲ್‌ನಲ್ಲಿರಲಿ. ಖಾಲಿ ಫ್ರೀಕ್ವೆನ್ಸಿ ಹುಡುಕಲು ಸ್ಕ್ಯಾನ್ ಮಾಡುವಾಗ ನಿಮ್ಮ ಟ್ರಾನ್ಸ್‌ಮಿಟರ್‌ಗಳೆಲ್ಲ ಆಫ್ ಇರಬೇಕು. ಕ್ಯಾಮೆರಾದವರ ವೈರ್‌ಲೆಸ್ ವಿಡಿಯೋ ಡಬ್ಬ ಮಾತ್ರ ಆನ್ ಇರಲಿ, ಯಾಕೆಂದರೆ ಶಾಟ್ ಹೊತ್ತಿಗೆ ಅದೂ ಇರುತ್ತದೆ.

ಆಕಾಶವಾಣಿ ಟವರ್ ಕಾರಣ ಇರಬಹುದಾ ಅಂತಲೂ ಕೇಳಿದ್ದೀರಿ. ಎಫ್‌ಎಂ ನಡೆಯುವುದು 88ರಿಂದ 108 ಮೆಗಾಹರ್ಟ್ಸ್‌ನಲ್ಲಿ. ನಿಮ್ಮ ಮೈಕ್ 500ರ ಆಚೆ ಇದೆ, ಮೊದಲು ಅನುಮಾನ ಪಡಬೇಕಾದದ್ದು ಟವರ್ ಮೇಲಲ್ಲ. ಮೊದಲು ಬ್ಯಾಂಕ್ ಬದಲಾಯಿಸಿ ನೋಡಿ. ಆಮೇಲೂ ಬಂದರೆ ಬ್ಯಾಗಿನಲ್ಲಿ ರಿಸೀವರ್‌ನ ಆಂಟೆನಾ ರೆಕಾರ್ಡರ್‌ಗೆ ತಾಗಿಕೊಂಡಿದೆಯಾ ನೋಡಿ, ದೂರ ಸರಿಸಿ ಮತ್ತೆ ಕೇಳಿ.

ಪ್ರಶ್ನೆ: ಜುಲೈನಲ್ಲೂ ಶೂಟಿಂಗ್ ಇದೆ. ಮಳೆಗೆ ಏನು ಮಾಡಲಿ? – ಭಾಗಮಂಡಲ

ಉತ್ತರ: ಟ್ರಾನ್ಸ್‌ಮಿಟರ್‌ಗೆ ಎಣ್ಣೆ ಸವರದ ಕಾಂಡೋಮ್ ಹಾಕಿ, ಬಾಯಿಗೆ ಟೇಪ್ ಸುತ್ತಿ. ಎಲ್ಲ ಕಡೆ ಸೌಂಡಿನವರು ಮಾಡುವುದೇ ಹೀಗೆ, ಸಂಕೋಚ ಬೇಡ. ರಾತ್ರಿ ಬ್ಯಾಟರಿ ತೆಗೆದು, ಎಲ್ಲವನ್ನೂ ಒರೆಸಿ, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬದಲ್ಲಿಡಿ. ಒಲೆ ಪಕ್ಕ ಇಟ್ಟು ಒಣಗಿಸಬೇಡಿ, ಹೊಗೆ ಮೈಕ್‌ನ ಪರದೆಯಲ್ಲಿ ಕೂತುಬಿಡುತ್ತದೆ. ಒದ್ದೆಯಾದ ಕಾಲರ್ ಮೈಕ್ ಚಟಚಟ ಅನ್ನುತ್ತಿದ್ದರೆ ಆ ದಿನಕ್ಕೆ ಅದನ್ನು ಬಿಟ್ಟು ಇನ್ನೊಂದು ಹಾಕಿ. ಹೆಚ್ಚಾಗಿ ಒಣಗಿದ ಮೇಲೆ ಸರಿಹೋಗುತ್ತದೆ. ಹೆಂಚಿನ ಮೇಲೆ ಬೀಳುವ ಮಳೆಗೆ ಮಾತ್ರ ಯಾವ ವೈರ್‌ಲೆಸ್ಸೂ ಉತ್ತರ ಅಲ್ಲ. ಆ ದೃಶ್ಯಗಳ ಮಾತನ್ನು ಪ್ಯಾಕಪ್‌ಗೆ ಮುಂಚೆ, ನಟರು ಅದೇ ಉಡುಪಿನಲ್ಲಿ ಇರುವಾಗಲೇ, ಒಳಕೋಣೆಯಲ್ಲಿ ಕೂರಿಸಿ ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅದಕ್ಕೆ ಅರ್ಧ ಗಂಟೆ ಬೇಕು ಅಂತ ನಿರ್ದೇಶಕರಿಗೆ ಬೆಳಿಗ್ಗೆಯೇ ಹೇಳಿಡಿ.