ಆಪಲ್ ಟು-ಇ: ಕೆಟ್ಟಿರುವುದು ಕಾರ್ಡೋ, ಡ್ರೈವೋ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಿಕ್ಕಪ್ಪ 1985ರಲ್ಲಿ ಅಮೆರಿಕದಿಂದ ತಂದ ಆಪಲ್ ಟು-ಇ ಕಂಪ್ಯೂಟರ್ ಇಷ್ಟು ವರ್ಷ ಉಡುಪಿಯ ಮನೆಯ ಅಟ್ಟದಲ್ಲಿತ್ತು. ಒಳಗೆ ನಾಲ್ಕು ಕಾರ್ಡುಗಳು (ಹೆಚ್ಚುವರಿ ಕೆಲಸಗಳಿಗೆ ಸಿಕ್ಕಿಸುವ ಸರ್ಕ್ಯೂಟ್ ಹಲಗೆಗಳು), ಹೊರಗೆ ಫ್ಲಾಪಿ ಓದುವ ಎರಡು ಡಿಸ್ಕ್ ಟು ಡ್ರೈವುಗಳು. ಆನ್ ಮಾಡಿದರೆ ಪರದೆಯ ಮೇಲೆ ಹೆಸರು ಮೂಡುತ್ತದೆ, ಮೊದಲ ಡ್ರೈವಿನ ಕೆಂಪು ದೀಪ ಹತ್ತುತ್ತದೆ, ಕರಕರ ಸದ್ದಾಗುತ್ತದೆ, ಆಮೇಲೆ ಫ್ಲಾಪಿ ತಿರುಗುತ್ತಲೇ ಇರುತ್ತದೆ. ಹೊಸ ಕಾರ್ಡನ್ನು ವಿದೇಶದಿಂದ ತರಿಸಲೇ ಎಂದು ಕೇಳಿದ್ದೀರಿ. ಬೇಡ, ಸದ್ಯಕ್ಕೆ ಏನನ್ನೂ ತರಿಸಬೇಡಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲಿಯೇ ಇದೆ.

ಅದಕ್ಕೂ ಮೊದಲು ಕರೆಂಟಿನ ವಿಷಯ. ಯಂತ್ರವನ್ನು ಯಾವುದಕ್ಕೆ ಜೋಡಿಸಿದ್ದೀರಿ ಎಂದು ನೀವು ಬರೆದಿಲ್ಲ. ಅಮೆರಿಕದಲ್ಲಿ ಕೊಂಡ ಟು-ಇ ಅಲ್ಲಿಯ 115 ವೋಲ್ಟಿಗೆ ತಯಾರಾದದ್ದು. ನಮ್ಮ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಜೋಡಿಸುವಂತಿಲ್ಲ. ಒಳಗಿನ ಪವರ್ ಸಪ್ಲೈ ಡಬ್ಬಿಯ ಮೇಲಿನ ಚೀಟಿಯನ್ನು ಓದಿ ಖಾತ್ರಿ ಮಾಡಿಕೊಳ್ಳಿ. ಆ ಕಾಲದ ಅನೇಕ ಪವರ್ ಸಪ್ಲೈಗಳಲ್ಲಿ ಹಳದಿ ಛಾಯೆಯ ಪಾರದರ್ಶಕ ಹೊದಿಕೆಯ, ರಿಫಾ ಕಂಪನಿಯ ಕಾಗದದ ಕೆಪಾಸಿಟರ್ ಇರುತ್ತದೆ. ವಯಸ್ಸಾದಂತೆ ಹೊದಿಕೆ ಬಿರುಕು ಬಿಟ್ಟು ತೇವ ಒಳಗೆ ಇಳಿಯುತ್ತದೆ. ಒಂದು ದಿನ ದಟ್ಟ ಹೊಗೆ ಕಾರಿ ಮನೆಯವರನ್ನೆಲ್ಲ ಹೆದರಿಸುತ್ತದೆ. ಕರಾವಳಿಯ ಮಳೆಗಾಲಗಳನ್ನು ಅಟ್ಟದಲ್ಲಿ ಕಳೆದ ಯಂತ್ರದಲ್ಲಿ ಅದನ್ನು ಬದಲಾಯಿಸದೆ ಹೆಚ್ಚು ಹೊತ್ತು ಓಡಿಸಬೇಡಿ. ಆ ಡಬ್ಬಿಯನ್ನು ನೀವೇ ಬಿಚ್ಚುವುದೂ ಬೇಡ. ಟಿವಿ ರಿಪೇರಿಯಲ್ಲಿ ಪಳಗಿದ ಯಾರಿಗಾದರೂ ಇದು ಅರ್ಧ ಗಂಟೆಯ ಕೆಲಸ.

ಈಗ ನಿಮ್ಮ ಲಕ್ಷಣಕ್ಕೆ ಬರೋಣ. ಆನ್ ಆದ ಕೂಡಲೇ ಟು-ಇ ಏಳನೆಯ ಸ್ಲಾಟಿನಿಂದ (ಕಾರ್ಡು ಕೂರುವ ಜಾಗ) ಒಂದನೆಯ ಸ್ಲಾಟಿನವರೆಗೆ ಒಂದೊಂದನ್ನೇ ತಡವುತ್ತಾ ಡ್ರೈವನ್ನು ನಡೆಸುವ ಡಿಸ್ಕ್ ಕಾರ್ಡನ್ನು ಹುಡುಕುತ್ತದೆ. ಸಿಕ್ಕಿದರೆ ಆ ಕಾರ್ಡಿನ ಮೇಲಿರುವ ಪುಟ್ಟ ಪ್ರೋಗ್ರಾಮಿಗೆ ಅಧಿಕಾರ ಒಪ್ಪಿಸುತ್ತದೆ. ಮೋಟಾರ್ ತಿರುಗಿಸುವುದು, ದೀಪ ಹೊತ್ತಿಸುವುದು, ಫ್ಲಾಪಿಯನ್ನು ಓದುವ ತಲೆಯನ್ನು ಹಿಂದಕ್ಕೆ ಎಳೆದು ಸೊನ್ನೆಯ ಟ್ರ್ಯಾಕಿಗೆ (ಫ್ಲಾಪಿಯ ತೀರ ಹೊರಗಿನ ಸುತ್ತಿಗೆ) ತಾಗಿಸುವುದು ಆ ಪ್ರೋಗ್ರಾಮಿನ ಕೆಲಸ. ನಿಮಗೆ ಕೇಳಿಸುವ ಕರಕರ ತಲೆ ತಡೆಗೆ ಬಡಿಯುವ ಸದ್ದು, ಅದು ಸಹಜ. ಅಂದರೆ ಯಂತ್ರಕ್ಕೆ ಕಾರ್ಡು ಕಂಡಿದೆ, ಕಾರ್ಡಿನ ಪ್ರೋಗ್ರಾಮು ಓಡಿದೆ, ತಲೆಯನ್ನು ಸರಿಸುವ ಮೋಟಾರೂ ಮಾತು ಕೇಳಿದೆ. ಆಗದೆ ಉಳಿದಿರುವುದು ಓದುವ ಕೆಲಸವೊಂದೇ. ನನ್ನ ಅನುಮಾನ ಕಾರ್ಡಿನ ಮೇಲಲ್ಲ, ಡ್ರೈವಿನ ಮೇಲೆ ಮತ್ತು ಫ್ಲಾಪಿಯ ಮೇಲೆ.

ಆದರೂ ಕಾರ್ಡನ್ನು ನೇರವಾಗಿ ಕೇಳಿಬಿಡಬಹುದು. ಫ್ಲಾಪಿ ತಿರುಗುತ್ತಿರುವಾಗ ಕಂಟ್ರೋಲ್ ಒತ್ತಿಹಿಡಿದು ರಿಸೆಟ್ ಒತ್ತಿ. ಬೇಸಿಕ್‌ನ ಚೌಕ ಆವರಣದ ಗುರುತು ಬರುತ್ತದೆ. ಅಲ್ಲಿ ಕಾಲ್ ಎಂಬ ಪದವನ್ನೂ ಅದರ ಮುಂದೆ ಮೈನಸ್ 151 ಎಂದೂ ಹೊಡೆದು ರಿಟರ್ನ್ ಒತ್ತಿ. ನಕ್ಷತ್ರದ ಗುರುತು ಬಂದ ಮೇಲೆ ಸಿ600.ಸಿ607 ಎಂದು ಹೊಡೆಯಿರಿ (ನಾನು ಕನ್ನಡದಲ್ಲಿ ಬರೆದ ಅಕ್ಷರಗಳು ಅಲ್ಲಿ ಇಂಗ್ಲಿಷಿನವು). ಆರನೆಯ ಸ್ಲಾಟಿನಲ್ಲಿ ಡಿಸ್ಕ್ ಟು ಕಾರ್ಡು ಸರಿಯಾಗಿ ಕೂತಿದ್ದರೆ ಈ ಎಂಟು ಅಂಕೆಗಳು ಬರಬೇಕು:

ಎ2 20 ಎ0 00 ಎ2 03 86 3ಸಿ

ಇದರಲ್ಲಿ ಎರಡನೆಯ 20, ನಾಲ್ಕನೆಯ 00, ಆರನೆಯ 03, ಎಂಟನೆಯ 3ಸಿ ಈ ನಾಲ್ಕನ್ನು ನೋಡಿಯೇ ಯಂತ್ರ ಡಿಸ್ಕ್ ಕಾರ್ಡನ್ನು ಗುರುತಿಸುವುದು. ಹತ್ತು ಸಲ ಕೇಳಿ, ಹತ್ತು ಸಲವೂ ಇದೇ ಬಂದರೆ ಕಾರ್ಡಿನ ಪ್ರೋಗ್ರಾಮ್ ಚಿಪ್ಪೂ ಸ್ಲಾಟಿನ ಸಂಪರ್ಕವೂ ಚೆನ್ನಾಗಿವೆ. ಅಂಕೆಗಳು ಆಗಾಗ ಬದಲಾದರೆ ಸಂಪರ್ಕ ಸರಿಯಿಲ್ಲ. ಆಗ ಯಂತ್ರವನ್ನು ಆರಿಸಿ, ಮದರ್‌ಬೋರ್ಡಿನ ಮೇಲಿನ ಪುಟ್ಟ ಕೆಂಪು ದೀಪವೂ ಆರಿದೆಯೇ ನೋಡಿ, ಪವರ್ ಸಪ್ಲೈಯ ಲೋಹದ ಡಬ್ಬಿಯನ್ನು ಬೆರಳಿನಿಂದ ಮುಟ್ಟಿ, ಆಮೇಲೆ ಕಾರ್ಡನ್ನು ಹೊರತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ರಬ್ಬರಿನಿಂದ ಉಜ್ಜಿ ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಆ ಲೇಪ ಬಹಳ ತೆಳು, ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ಕಾರ್ಡು ಕೈಯಲ್ಲಿರುವಾಗಲೇ ಅದರ ಮೇಲಿನ ಎರಡು ಪ್ರೋಮ್ ಚಿಪ್ಪುಗಳ (ಮಾಹಿತಿಯನ್ನು ಕಾಯಂ ಆಗಿ ಹಿಡಿದಿಡುವ ಚಿಪ್ಪುಗಳು) ಸಂಖ್ಯೆ ಓದಿಕೊಳ್ಳಿ. 341-0027 ಮತ್ತು 341-0028 ಇದ್ದರೆ ಸರಿ. 341-0009 ಮತ್ತು 341-0010 ಇದ್ದರೆ ಅದು ಫ್ಲಾಪಿಯ ಪ್ರತಿ ಟ್ರ್ಯಾಕಿನಲ್ಲಿ 13 ಸೆಕ್ಟರುಗಳು (ಭಾಗಗಳು) ಇರುತ್ತಿದ್ದ ಕಾಲದ ಹಳೆಯ ಕಾರ್ಡು. 1980ರಲ್ಲಿ ಫ್ಲಾಪಿಗಳನ್ನು ನಿರ್ವಹಿಸುವ ಡಾಸ್ 3.3 ತಂತ್ರಾಂಶ ಬಂದಾಗ ಸೆಕ್ಟರುಗಳು 16 ಆದವು. ಹಳೆಯ ಚಿಪ್ಪುಗಳಿಂದ ಆ ಫ್ಲಾಪಿಗಳು ಬೂಟ್ ಆಗುವುದಿಲ್ಲ, ಎಂದರೆ ಅವುಗಳಿಂದ ಯಂತ್ರ ಶುರುವಾಗುವುದಿಲ್ಲ. ಮೊದಲಿನ ಆಪಲ್ ಟು ಇದ್ದವರು ಅದರ ಕಾರ್ಡನ್ನೇ ಟು-ಇಗೆ ವರ್ಗಾಯಿಸಿಕೊಂಡಿರಬಹುದು, ಆದ್ದರಿಂದ ನೋಡಿಬಿಡುವುದು ಒಳ್ಳೆಯದು.

ಇನ್ನು ಕೇಬಲ್. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ಡಿಸ್ಕ್ ಟು ಡ್ರೈವಿನ ಚಪ್ಪಟೆ ಕೇಬಲಿನ ತುದಿಯಲ್ಲಿ ಇಪ್ಪತ್ತು ರಂಧ್ರಗಳ ಕನೆಕ್ಟರ್ ಇದೆ, ಕಾರ್ಡಿನ ಮೇಲೆ ಹತ್ತು ಹತ್ತರ ಎರಡು ಸಾಲು ಸೂಜಿಗಳಿವೆ. ಸುತ್ತ ಗೋಡೆಯಿಲ್ಲ, ತಪ್ಪಾಗಿ ಕೂರದಂತೆ ತಡೆಯುವ ಗುರುತಿನ ಕಚ್ಚೂ ಇಲ್ಲ. ಒಂದು ಸಾಲು ಅತ್ತಿತ್ತ ಸರಿದರೂ ಕನೆಕ್ಟರ್ ಸಲೀಸಾಗಿ ಕೂರುತ್ತದೆ. ಹಾಗೆ ಕೂತಾಗ ಆನ್ ಮಾಡಿದರೆ ಹನ್ನೆರಡು ವೋಲ್ಟು ಹೋಗಬಾರದ ತಂತಿಗೆ ಹರಿದು, ಡ್ರೈವಿನೊಳಗಿನ 74ಎಲ್‌ಎಸ್125 ಎಂಬ ಚಿಪ್ಪನ್ನು ಸುಡುತ್ತದೆ. ಅಮೆರಿಕದ ಸನ್ನಿವೇಲ್‌ನಲ್ಲಿದ್ದಾಗ ಕೊಂಡ ನನ್ನ ಮೊದಲ ಡ್ರೈವನ್ನು ನಾನು ಹೀಗೆಯೇ ಹಾಳು ಮಾಡಿದೆ. ಮೇಜಿನ ದೀಪದ ಮಬ್ಬು ಬೆಳಕಿನಲ್ಲಿ ಸೂಜಿ ಸಾಲು ಕಾಣದೆ ಬೆರಳಿನ ಅಂದಾಜಿನಲ್ಲಿ ಒತ್ತಿದ್ದೆ. ದೀಪ ಹತ್ತಿತು, ಕರಕರ ಸದ್ದೂ ಆಯಿತು, ಓದಲು ಮಾತ್ರ ಆಗಲಿಲ್ಲ. ನೀವು ಬರೆದದ್ದನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ಅದೇ. ಈಗ ಟಾರ್ಚ್ ಹಿಡಿದು ಎರಡೂ ಕಡೆಯಿಂದ ನೋಡದೆ ಸ್ವಿಚ್ ಮುಟ್ಟುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಡಿಸ್ಕ್ ಕಾರ್ಡೊಂದನ್ನು ಬಿಟ್ಟು ಉಳಿದ ಎಲ್ಲ ಕಾರ್ಡುಗಳನ್ನೂ ತೆಗೆಯಿರಿ, ಒಂದೇ ಡ್ರೈವನ್ನು ಒಂದನೆಯ ಸ್ಥಾನಕ್ಕೆ ಜೋಡಿಸಿ ಪರೀಕ್ಷಿಸಿ. ಯಂತ್ರ ಆರಿಸಿ, ಅದೇ ಸ್ಥಾನಕ್ಕೆ ಇನ್ನೊಂದು ಡ್ರೈವನ್ನು ಹಾಕಿ ನೋಡಿ. ಒಂದು ಓದಿ ಇನ್ನೊಂದು ಓದದಿದ್ದರೆ ಕಳ್ಳ ಸಿಕ್ಕಿಬಿದ್ದ. ಎರಡೂ ಓದದಿದ್ದರೆ ಮೊದಲು ಫ್ಲಾಪಿಯನ್ನು ಅನುಮಾನಿಸಿ, ಕಾರ್ಡನ್ನು ಕೊನೆಗೆ.

ಫ್ಲಾಪಿಯ ಅಂಡಾಕಾರದ ಕಿಂಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ನಡುವಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಕಂದು ಮೈ ಒಂದೇ ಸಮನೆ ಹೊಳೆಯಬೇಕು. ಬಿಳಿ ಮಚ್ಚೆಗಳು, ಮಂಜು ಕವಿದಂಥ ಕಲೆಗಳು ಕಂಡರೆ ಅದು ಬೂಷ್ಟು. ಅಂಥ ಫ್ಲಾಪಿ ಒಂದೇ ಸುತ್ತಿನಲ್ಲಿ ತಲೆಗೆ ಕೊಳೆ ಮೆತ್ತುತ್ತದೆ, ಆ ಕೊಳೆ ಮುಂದಿನ ಒಳ್ಳೆಯ ಫ್ಲಾಪಿಯನ್ನು ಕೆರೆಯುತ್ತದೆ. ನೀವು ಈಗಾಗಲೇ ನಾಲ್ಕೈದು ಫ್ಲಾಪಿ ಹಾಕಿ ನೋಡಿದ್ದೀರಿ, ಹಾಗಾಗಿ ತಲೆ ಕೊಳೆಯಾಗಿದೆ ಎಂದೇ ಇಟ್ಟುಕೊಳ್ಳಿ.

ಡ್ರೈವಿನ ಬುಡದಲ್ಲಿ ನಾಲ್ಕು ಸ್ಕ್ರೂಗಳಿವೆ. ಅವನ್ನು ತೆಗೆದರೆ ಒಳಗಿನದು ಮುಂದಕ್ಕೆ ಜಾರಿ ಬರುತ್ತದೆ. ತಲೆ ಕೆಳಗಡೆ ಇದೆ, ಅದರ ಎದುರಿಗೆ ಮೇಲಿನ ತೋಳಿನಲ್ಲಿ ಫ್ಲಾಪಿಯನ್ನು ಒತ್ತಿಹಿಡಿಯುವ ಉಣ್ಣೆಯಂಥ ಫೆಲ್ಟ್ ತುಂಡು ಇದೆ. ತೋಳನ್ನು ತುಸುವೇ ಎತ್ತಿ, ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತಲೆಯನ್ನು ಒರೆಸಿ, ಕಡ್ಡಿ ಬಿಳಿಯಾಗಿಯೇ ಹೊರಬರುವವರೆಗೆ. ಫೆಲ್ಟನ್ನು ಒದ್ದೆ ಮಾಡಬೇಡಿ. ಅದು ಸವೆದು ಗಟ್ಟಿಯಾಗಿದ್ದರೆ ಎಷ್ಟು ಒರೆಸಿದರೂ ಓದು ತಪ್ಪುತ್ತಲೇ ಇರುತ್ತದೆ.

ಬಿಚ್ಚಿದಾಗಲೇ ವೇಗವನ್ನೂ ನೋಡಬಹುದು. ನಿಮಿಷಕ್ಕೆ 300 ಸುತ್ತು ಇರಬೇಕು. ಕೆಳಗಿನ ಚಕ್ರದ ಮೇಲೆ ಎರಡು ಬಳೆಗಳಂತೆ ಗೆರೆಗಳಿವೆ. ಗೆರೆಗಳು ಕಡಿಮೆ ಇರುವುದು ನಮ್ಮ 50 ಹರ್ಟ್ಸ್ ಕರೆಂಟಿಗೆ, ಹೆಚ್ಚಿರುವುದು ಅಮೆರಿಕದ 60 ಹರ್ಟ್ಸಿಗೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ನಮ್ಮ ಬಳೆಯ ಗೆರೆಗಳು ನಿಂತಂತೆ ಕಾಣಬೇಕು. ತಾಮ್ರದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟೇ ಆಗಬೇಕು, ಎಲ್‌ಇಡಿ ದೀಪ ಇದಕ್ಕೆ ನಂಬಿಕೆಯದಲ್ಲ. ಗೆರೆಗಳು ತೆವಳಿದರೆ ಮೋಟಾರ್ ಬೋರ್ಡಿನ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ.

ಇಷ್ಟಾದರೂ ಓದದಿದ್ದರೆ 74ಎಲ್‌ಎಸ್125 ಬದಲಾಯಿಸಿ. ಇದು ಆಪಲ್‌ನದ್ದೇ ಆದ ವಿಶೇಷ ಚಿಪ್ಪಲ್ಲ, ತೀರ ಸಾಮಾನ್ಯವಾದದ್ದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ. ನಿಮ್ಮ ಬೋರ್ಡಿನಲ್ಲಿ ಅದು ಸಾಕೆಟ್ಟಿನಲ್ಲಿ ಕೂತಿದ್ದರೆ ಎಬ್ಬಿಸಿ ಹೊಸದನ್ನು ಕೂರಿಸಿದರಾಯಿತು, ಇಲ್ಲದಿದ್ದರೆ ಬೆಸುಗೆ ಬಿಡಿಸಬೇಕು. ನನ್ನ ಡ್ರೈವು ಈ ಒಂದು ಚಿಪ್ಪಿನಿಂದಲೇ ಮತ್ತೆ ಎದ್ದು ಕೂತಿತು.

ಡ್ರೈವು ಓದತೊಡಗಿದ ಮೇಲೆ ಉಳಿದ ಕಾರ್ಡುಗಳನ್ನು ಒಂದೊಂದಾಗಿ ಹಾಕಿ, ಪ್ರತಿ ಸಲವೂ ಬೂಟ್ ಮಾಡಿ ನೋಡಿ. ಎಲ್ಲ ಕಾರ್ಡುಗಳೂ ಸೇರಿ ಐದು ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಮೀರಬಾರದು ಎಂಬುದು ಆಪಲ್ ಹಾಕಿದ ಮಿತಿ. ಹಳೆಯ ಪವರ್ ಸಪ್ಲೈಗೆ ಹೊರೆ ಹೆಚ್ಚಾದರೆ ಟಿಕ್ ಟಿಕ್ ಎಂದು ಸದ್ದು ಮಾಡಿ ಯಂತ್ರ ಏಳುವುದೇ ಇಲ್ಲ. ಪರದೆಯ ಸಾಲಿಗೆ ಎಂಬತ್ತು ಅಕ್ಷರ ತೋರಿಸುವ, ಎಂಬತ್ತು ಕಾಲಮ್ಮಿನ ಕಾರ್ಡನ್ನು ಪ್ರತ್ಯೇಕವಾದ ಉದ್ದ ಸ್ಲಾಟಿಗೆ ಹಾಕಿದ್ದರೆ ಮೂರನೆಯ ಸ್ಲಾಟನ್ನು ಖಾಲಿ ಬಿಡಿ. ಅಲ್ಲಿ ಬೇರೆ ಕಾರ್ಡಿದ್ದರೆ ಅದರ ಪ್ರೋಗ್ರಾಮು ಮರೆಯಾಗುತ್ತದೆ, ಒಳ್ಳೆಯ ಕಾರ್ಡೂ ಸತ್ತಂತೆ ಕಾಣುತ್ತದೆ.

ಪರೀಕ್ಷೆಗೆ ನಂಬಿಕೆಯ ಫ್ಲಾಪಿಯೇ ಇಲ್ಲವೆಂದರೂ ದಾರಿಯಿದೆ. ಎಡಿಟಿ-ಪ್ರೊ ಎಂಬ ಉಚಿತ ತಂತ್ರಾಂಶ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಟು-ಇಯ ಕ್ಯಾಸೆಟ್ ತೂತಿಗೆ ಒಂದು ವೈರಿನ ಮೂಲಕ, ಬರೀ ಸದ್ದಿನ ರೂಪದಲ್ಲಿ, ಪ್ರೋಗ್ರಾಮನ್ನು ಕಳಿಸುತ್ತದೆ. ಹಾಗೆ ಯಂತ್ರವನ್ನು ಎಬ್ಬಿಸಿ, ಬೂಷ್ಟು ಹಿಡಿಯದ ಖಾಲಿ ಫ್ಲಾಪಿಗೆ ಬೂಟ್ ಡಿಸ್ಕನ್ನು ಬರೆದುಕೊಳ್ಳಬಹುದು.

ಚಿಕ್ಕಪ್ಪನ ಕೈಬರಹವಿರುವ ಫ್ಲಾಪಿಗಳ ಪೆಟ್ಟಿಗೆಯೊಂದು ಸಿಕ್ಕಿದೆ ಎಂದು ಬರೆದಿದ್ದೀರಿ. ಅದನ್ನು ಈಗ ಮುಟ್ಟಬೇಡಿ. ಒಂದು ವಾರ ಬೇರೆ ಫ್ಲಾಪಿಗಳನ್ನು ತಪ್ಪಿಲ್ಲದೆ ಓದಿದ ಡ್ರೈವಿಗೆ ಮಾತ್ರ ಅವನ್ನು ಕೊಡಿ, ಅದೂ ಅಂಚಿನ ಕಚ್ಚಿನ ಮೇಲೆ ಪಟ್ಟಿ ಅಂಟಿಸಿ, ಬರೆಯಲು ಅವಕಾಶವಾಗದಂತೆ ಮಾಡಿದ ಮೇಲೆ. ಪ್ರತಿ ಫ್ಲಾಪಿಯ ನಂತರ ತಲೆಯನ್ನು ಒಮ್ಮೆ ಒರೆಸಿ. ಆ ಎಂಟು ಅಂಕೆಗಳು ಏನು ಬಂದವು, ಪ್ರೋಮ್ ಚಿಪ್ಪುಗಳ ಮೇಲೆ ಯಾವ ಸಂಖ್ಯೆ ಇದೆ, ಎರಡು ಡ್ರೈವುಗಳಲ್ಲಿ ಯಾವುದು ಓದಿತು ಎಂದು ಇಲ್ಲಿಯೇ ಬರೆಯಿರಿ. ಮುಂದಿನದನ್ನು ಅಲ್ಲಿಂದ ನೋಡೋಣ.