ಟರ್ಮಿನಲ್‌ನಲ್ಲಿ ಬಣ್ಣದ ಅಕ್ಷರ ತರುವುದು ಹೇಗೆ?

ನಿಮ್ಮ ಬ್ಯಾಶ್ ಸ್ಕ್ರಿಪ್ಟ್‌ನಲ್ಲಿ (ಟರ್ಮಿನಲ್ ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ ಓಡಿಸುವ ಕಮಾಂಡುಗಳ ಫೈಲು) ಎಲ್ಲಾ ಸಾಲೂ ಒಂದೇ ಬಣ್ಣದಲ್ಲಿ ಬರುತ್ತದೆ, ಮುಖ್ಯವಾದ ಸಾಲು ಕಣ್ಣಿಗೆ ಬೀಳುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಇದಕ್ಕೆ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಬಣ್ಣ ಬೇಕಾದ ಮಾತಿನ ಮುಂದೆ ಮೊದಲು \033 ಅಂತ ಬರೆಯಿರಿ, ಅದು ಎಸ್ಕೇಪ್ ಅಕ್ಷರ. ಅದಕ್ಕೆ ಅಂಟಿಕೊಂಡಂತೆ [ ಹಾಕಿ, ಆಮೇಲೆ ಬಣ್ಣದ ನಂಬರ್, ಕೊನೆಗೆ ಇಂಗ್ಲಿಷಿನ ಸಣ್ಣ ಎಮ್. ನಡುವೆ ಎಲ್ಲೂ ಜಾಗ ಬಿಡಬೇಡಿ. 31 ಕೆಂಪು, 32 ಹಸಿರು, 33 ಹಳದಿ, 34 ನೀಲಿ. ಹಿನ್ನೆಲೆಗೆ ಬಣ್ಣ ಬೇಕಾದರೆ ಹತ್ತು ಕೂಡಿಸಿ, ಅಂದರೆ 41 ಕೆಂಪು ಹಿನ್ನೆಲೆ. ದಪ್ಪ ಅಕ್ಷರಕ್ಕೆ 1, ಅಡಿಗೆರೆಗೆ 4, ದಪ್ಪಗೆ ಕೆಂಪಗೆ ಎರಡೂ ಬೇಕಾದರೆ 1;31. ಬಣ್ಣದ ಮಾತು ಮುಗಿದ ಕೂಡಲೇ ಇದೇ ರೀತಿ 0 ಕೊಡಲೇಬೇಕು, ಇಲ್ಲದಿದ್ದರೆ ಮುಂದೆ ಬರುವುದೆಲ್ಲ ಅದೇ ಬಣ್ಣದಲ್ಲಿ ಉಳಿಯುತ್ತದೆ. ಸಾಲು ತೋರಿಸಲು ಎಕೋ (echo) ಕಮಾಂಡಿನ ಬದಲು ಪ್ರಿಂಟ್‌ಎಫ್ (printf) ಬಳಸಿ. ಸುಮ್ನೆ ಎಕೋ ಕೊಟ್ಟರೆ ಬ್ಯಾಶ್ ಸಾಮಾನ್ಯವಾಗಿ \033 ಅನ್ನೇ ಹಾಗೇ ತೋರಿಸುತ್ತದೆ.

ನನಗೆ ಇದು ಬೇಕಾಗಿದ್ದು ಮಳೆ ಲೆಕ್ಕಕ್ಕೆ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ದಿನಾ ಬೆಳಿಗ್ಗೆ ಅಪ್ಪ ಮಳೆ ಅಳೆದು ಇಂಚು, ಸೆಂಟಿನಲ್ಲಿ ಹೇಳುತ್ತಾರೆ, ನೂರು ಸೆಂಟಿಗೆ ಒಂದು ಇಂಚು, ನಾನು ಅದನ್ನು ಫೈಲಿಗೆ ಸೇರಿಸುತ್ತೇನೆ. ಮಾರ್ಚ್‌ನಲ್ಲಿ ಹೂವಿನ ಮಳೆಗೆ ಕಾಯುವಾಗ ಒಂದು ಇಂಚು ದಾಟಿದ ದಿನ ಹಸಿರು. ಇಪ್ಪತ್ತು ಸೆಂಟ್ ಬಿದ್ದು ನಿಂತುಬಿಟ್ಟರೆ ಕೆಂಪು, ಯಾಕೆಂದರೆ ಅಷ್ಟು ಮಳೆಗೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ತಕ್ಷಣ ಸ್ಪ್ರಿಂಕ್ಲರ್ ಹಾಕುವ ಯೋಚನೆ ಮಾಡಬೇಕು. ಆ ಒಂದು ಸಾಲು ಬೇಗ ಕಾಣಬೇಕು, ಅಲ್ವಾ? ಹಾಗಾಗಿ ಉಳಿದ ಸಾಲುಗಳಿಗೆ ನಾನು ಬಣ್ಣವನ್ನೇ ಹಾಕಿಲ್ಲ. ನೀವೂ ಎರಡು ಮೂರು ಬಣ್ಣಕ್ಕಿಂತ ಜಾಸ್ತಿ ಹಾಕಬೇಡಿ.

ಒಂದು ಸಲ ತಿಂಗಳ ಪಟ್ಟಿಯನ್ನು ಫೈಲಿಗೆ ಕಳಿಸಿ ಪ್ರಿಂಟ್ ತೆಗೆದೆ. ಪ್ರತಿ ಹಸಿರು ಸಾಲಿನ ಹಿಂದೆ ಮುಂದೆ [32m, [0m ಅಂತ ಕಸ. ಬಣ್ಣದ ಸಂಕೇತವೂ ಅಕ್ಷರವೇ, ಅದು ಫೈಲಿಗೂ ಹೋಗುತ್ತದೆ. ಟೆಸ್ಟ್ ಕಮಾಂಡಿಗೆ ಮೈನಸ್ ಟಿ, ಜಾಗ ಬಿಟ್ಟು 1 (test -t 1) ಕೊಟ್ಟರೆ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಟರ್ಮಿನಲ್ ಆದರೆ ಮಾತ್ರ ಬಣ್ಣ ಹಾಕಿಸಿ.

ಪ್ರಾಂಪ್ಟ್‌ಗೆ, ಅಂದರೆ ಕಮಾಂಡ್ ಬರೆಯುವ ಜಾಗದ ಮುಂದೆ ಟರ್ಮಿನಲ್ ತೋರಿಸುವ ಗುರುತಿಗೆ, ಬಣ್ಣ ಹಾಕುವುದಾದರೆ ಪ್ರತಿ ಸಂಕೇತವನ್ನೂ \[ ಮತ್ತು \] ನಡುವೆ ಇಡಿ. ಇಲ್ಲದಿದ್ದರೆ ಬ್ಯಾಶ್ ಅದನ್ನೂ ಕಾಣುವ ಅಕ್ಷರ ಅಂತ ಎಣಿಸಿ, ಉದ್ದದ ಕಮಾಂಡ್ ಬರೆಯುವಾಗ ಸಾಲು ಒಂದರ ಮೇಲೊಂದು ಬೀಳುತ್ತದೆ. ಇನ್ನೂ ಬಣ್ಣ ಬೇಕಾದರೆ 38;5; ಆದಮೇಲೆ 0ಯಿಂದ 255ರವರೆಗೆ ಯಾವ ನಂಬರನ್ನಾದರೂ ಕೊಡಬಹುದು. ಕಾಮನಬಿಲ್ಲೇ ಬೇಕು ಅಂದರೆ ಲೋಲ್‌ಕ್ಯಾಟ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಔಟ್‌ಪುಟ್ಟನ್ನು | ಗುರುತಿನಿಂದ ಅದಕ್ಕೆ ಪೈಪ್ ಮಾಡಿ.

ಇನ್ನೊಂದು. ನಮ್ಮ ಅಪ್ಪನಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅದಕ್ಕೇ ಕೆಂಪು ಸಾಲಿನ ಕೊನೆಗೆ ‘ಸಾಲದು’ ಅಂತಲೂ ಬರೆಸಿದ್ದೇನೆ, ನಿಮ್ಮ ಸ್ಕ್ರಿಪ್ಟನ್ನು ಬೇರೆಯವರೂ ನೋಡುವುದಾದರೆ ಹಾಗೆ ಒಂದು ಪದ ಸೇರಿಸಿ.