12 ವರ್ಷದಿಂದ ಶೆಡ್‌ನಲ್ಲಿ ನಿಂತಿರುವ ಬೈಕನ್ನು ಮನೆಯಲ್ಲೇ ಸರಿಮಾಡಬೇಕು. ಮೊದಲು ಪೇಂಟ್ ಮಾಡಿಸಲೇ, ಇಂಜಿನ್ ಪೂರ್ತಿ ಬಿಚ್ಚಲೇ? ಕಿಕ್ ಬಿಗಿಯಾಗಿದೆ, ಜೋರಾಗಿ ತುಳಿದರೆ ಇಳಿಯಬಹುದು.

ಎರಡೂ ಬೇಡ. ಪ್ರಶ್ನೆಯ ಕೊನೆಗೆ "ಕಿಕ್ ಬಿಗಿಯಾಗಿದೆ, ಜೋರಾಗಿ ತುಳಿದರೆ ಇಳಿಯಬಹುದು" ಎಂದಿದ್ದೀರಲ್ಲ, ಮೊದಲು ಆ ಕಿಕ್ಕರ್ ಮೇಲಿಂದ ಕಾಲು ತೆಗೆಯಿರಿ. ನಾನು ತುಳಿದಿದ್ದೆ. ಇಳಿಯಿತು, ಸ್ಟಾರ್ಟೂ ಆಯಿತು, ಸೈಲೆನ್ಸರ್‌ನಿಂದ ನೀಲಿ ಹೊಗೆ ಮಾತ್ರ ನಿಲ್ಲಲಿಲ್ಲ. ಬ್ಯಾರೆಲ್ (ಪಿಸ್ಟನ್ ಆಡುವ ಸಿಲಿಂಡರ್ ಭಾಗ) ಎತ್ತಿ ನೋಡಿದರೆ ಪಿಸ್ಟನ್ ಸುತ್ತಲಿನ ಉಂಗುರಗಳಲ್ಲಿ ಮೇಲಿನ ರಿಂಗ್ ತುಂಡಾಗಿತ್ತು, ಬೋರ್‌ನಲ್ಲಿ, ಅಂದರೆ ಸಿಲಿಂಡರ್‌ನ ಒಳಗೋಡೆಯಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು.

ಯಾಕೆ ಹೀಗಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ದುಡ್ಡು ಹೋಗುವುದೇ ಇಲ್ಲಿ. ಇಂಜಿನ್ ನಿಂತಾಗ ಯಾವುದಾದರೊಂದು ವಾಲ್ವ್ ತುಸು ತೆರೆದೇ ಉಳಿದಿರಬಹುದು. ಅಲ್ಲಿಂದ ತೇವದ ಗಾಳಿ ಸಿಲಿಂಡರ್‌ಗೆ ಇಳಿಯುತ್ತದೆ. ಗೋಡೆಯ ಮೇಲಿನ ಎಣ್ಣೆಪದರ ಅಷ್ಟರಲ್ಲಿ ಜಾರಿಹೋಗಿರುತ್ತದೆ. ಆ ಗೋಡೆಯಾಗಿರುವ ಎರಕದ ಕಬ್ಬಿಣದ ಕೊಳವೆಗೆ (ಲೈನರ್) ತುಕ್ಕು ಹಿಡಿದು, ರಿಂಗ್ ಕೂತ ಗೆರೆಯಲ್ಲಿ ಎರಡೂ ಕಚ್ಚಿಕೊಳ್ಳುತ್ತವೆ. ಹಳೇ ಬೈಕಿನ ರಿಂಗೂ ಸಾಮಾನ್ಯವಾಗಿ ಎರಕದ್ದೇ. ಬಾಗುವ ಜಾತಿಯಲ್ಲ, ಮುರಿಯುವ ಜಾತಿ. ಪಿಸ್ಟನ್‌ನ ಗ್ರೂವ್‌ನಲ್ಲಿ ಸುಟ್ಟ ಎಣ್ಣೆ ಗಟ್ಟಿಯಾಗಿರುವುದರಿಂದ ಅದಕ್ಕೆ ಒಳಗೆ ಸರಿಯಲೂ ಜಾಗವಿಲ್ಲ. ಅಂಥ ಹೊತ್ತಲ್ಲಿ ಮೈಭಾರವೆಲ್ಲ ಹಾಕಿ ತುಳಿದರೆ ಮುರಿದ ಚೂರು ಬೋರನ್ನು ಕೆರೆಯುತ್ತದೆ. ರಿಂಗ್ ಉಳಿದರೆ ಕಿಕ್ ಗೇರಿನ ಹಲ್ಲು ಹೋಗುತ್ತದೆ.

ಮಾಡಬೇಕಾದ್ದು ಇಷ್ಟು. ಪ್ಲಗ್ ಬಿಚ್ಚಿ, ಆ ತೂತಿನಿಂದ 10-15 ಮಿಲಿ ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ) ಬಿಡಿ. ಇಲ್ಲದಿದ್ದರೆ ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮಸಮ ಬೆರೆಸಿದರೂ ಆಗುತ್ತದೆ. ಎರಡು ಮೂರು ದಿನ ಬಿಡಿ, ನಡುವೆ ಇನ್ನಷ್ಟು ಹಾಕಿ. ಆಮೇಲೆ ಮೇನ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ತಂದು, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿ. ತುಸು ಅಲ್ಲಾಡಿದರೆ ಅಷ್ಟಕ್ಕೇ ನಿಲ್ಲಿಸಿ, ಮತ್ತೆ ಎಣ್ಣೆ, ಮತ್ತೆ ಆಡಿಸುವುದು. ಪ್ಲಗ್ ಹೊರಗೇ ಇರಲಿ: ದ್ರವ ಕುಗ್ಗುವುದಿಲ್ಲ, ಒಳಗೆ ಎಣ್ಣೆ ನಿಂತಿರುವಾಗ ಪ್ಲಗ್ ಹಾಕಿ ತಿರುಗಿಸಿದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು. ತೂತಿನ ಮೇಲೆ ಬಟ್ಟೆ ಹಾಕಿ, ಮುಖ ದೂರ ಇಡಿ, ಎಣ್ಣೆ ಚಿಮ್ಮುತ್ತದೆ. ವಾರ ಕಳೆದರೂ ಜಗ್ಗದಿದ್ದರೆ ಆಗ ಹೆಡ್ ಬಿಚ್ಚಿ.

ಸಡಿಲವಾದ ತಕ್ಷಣ ಸ್ಟಾರ್ಟ್ ಮಾಡುವ ಆಸೆ ಬರುತ್ತದೆ. ತಡೆಯಿರಿ. ಹಳೇ ಆಯಿಲ್ ಇಳಿಸಿ ನೋಡಿ: ಹಾಲು ಬೆರೆತಂತಿದ್ದರೆ ನೀರು ಸೇರಿದೆ, ಹೊಳೆಯುವ ಪುಡಿ ಇದ್ದರೆ ಬೇರಿಂಗೋ ಗೇರೋ ಸವೆದಿದೆ. ಗೀರು ತೆಗೆಯಲು ಸಿಲಿಂಡರ್ ಕೊರೆದು ಅಗಲ ಮಾಡಿಸಲೇಬೇಕಾದರೆ (ಬೋರ್ ಮಾಡಿಸುವುದು) ಅದಕ್ಕೆ ಕೂರುವ ದೊಡ್ಡ ಅಳತೆಯ, ಅಂದರೆ ಓವರ್‌ಸೈಜ್, ಪಿಸ್ಟನ್ ಮೊದಲು ಕೈಗೆ ಬರಲಿ. 0.50 ಸೈಜಿಗೆ (ಅರ್ಧ ಮಿಮೀ ದೊಡ್ಡದಾಗಿ) ಬೋರ್ ಹೊಡೆಸಿಬಿಟ್ಟು, ಆ ಸೈಜಿನ ಪಿಸ್ಟನ್ ಎಲ್ಲೂ ಸಿಗದೆ ಬ್ಯಾರೆಲ್ ಮೂಲೆ ಸೇರಿದ ಬೈಕುಗಳಿಗೆ ಲೆಕ್ಕವಿಲ್ಲ. ಬೋರ್ ಹೊಡೆಯುವವರೂ ಆ ಪಿಸ್ಟನ್ನನ್ನೇ ಅಳೆದು ಗ್ಯಾಪ್ ಬಿಡಬೇಕು.

ಟ್ಯಾಂಕಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಸಾಕು. ಟ್ಯಾಂಕಿನಡಿಯ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ ತೂತು ಮುಚ್ಚಿ, ಲೀಟರ್ ಬಿಸಿನೀರಿಗೆ 50-100 ಗ್ರಾಂ ಹಾಕಿ ಒಂದು ದಿನ ಬಿಡಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಒಳಗೆಲ್ಲ ಎಣ್ಣೆ ಸವರುವಂತೆ ಕುಲುಕಿ; ತಡಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ತುಕ್ಕು ಉದುರಿಸಲು ನಟ್ಟುಗಳನ್ನು ಹಾಕಿದರೆ ಎಣಿಸಿ ಹಾಕಿ. ಕಾರ್ಬೊರೇಟರನ್ನು ಇದೇ ಆಸಿಡ್‌ನಲ್ಲಿ ನೆನೆಸಬೇಡಿ. ಅದರೊಳಗಿನ ಪೈಲಟ್ ಜೆಟ್‌ಗೆ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಐಡ್ಲಿಂಗ್ ಜನ್ಮದಲ್ಲಿ ಸರಿಹೋಗುವುದಿಲ್ಲ. ಕಾರ್ಬ್ ಕ್ಲೀನರ್, ಕಂಪ್ರೆಸರ್ ಗಾಳಿ ಸಾಕು. ಪಾಯಿಂಟ್ (ಪ್ಲಗ್‌ನ ಕಿಡಿಯ ಹೊತ್ತು ನಿಯಂತ್ರಿಸುವ ಪುಟ್ಟ ಸ್ವಿಚ್) ಇರುವ ಬೈಕಾದರೆ ಅದನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಗ್ಯಾಪ್ ಸುಮಾರು 0.35-0.40 ಮಿಮೀ ಇಡಿ. ಮ್ಯಾನ್ಯುಯಲ್ ಇದ್ದರೆ ಅದರ ಅಳತೆಯೇ ಕೊನೆ.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಊದಬೇಡಿ, ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರು ನೋಡಲು ಎಷ್ಟೇ ಚೆನ್ನಾಗಿದ್ದರೂ ಬದಲಾಯಿಸಿ. ಸ್ಟಾರ್ಟ್ ಮಾಡುವ ದಿನ ಬೈಕನ್ನು ಹೊರಗೆ ತನ್ನಿ, ಮುಚ್ಚಿದ ಶೆಡ್‌ನಲ್ಲಿ ಹೊಗೆ ಕೊಲ್ಲುತ್ತದೆ.

ಪೇಂಟ್ ಕೊನೆಗೆ. ಬೈಕು ಓಡಿ, ಸೋರುವುದೆಲ್ಲ ನಿಂತು, ಬ್ರಾಕೆಟ್‌ಗಳೆಲ್ಲ ಸರಿಯಾಗಿ ಕೂತವೆಂದು ಖಾತ್ರಿಯಾದ ಮೇಲೆ. ಇಲ್ಲದಿದ್ದರೆ ಹೊಸ ಬಣ್ಣದ ಮೇಲೆ ಪೆಟ್ರೋಲ್ ಚೆಲ್ಲಿ, ಸ್ಪ್ಯಾನರ್ ಜಾರಿ, ಎರಡನೇ ಸಲ ದುಡ್ಡು ಕೊಡುತ್ತೀರಿ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವುದಾದರೆ ಚಾಸಿಸ್ ನಂಬರ್, ಬೇರಿಂಗ್ ಕೂರುವ ಜಾಗ, ಅರ್ಥ್ ವೈರ್ ಕೂರುವ ಬೋಲ್ಟಿನ ಬುಡ, ಮೂರನ್ನೂ ಟೇಪ್ ಹಚ್ಚಿ ಮುಚ್ಚಿಸಿ.